ಕೂಸಿನ ಪಾದ ಹಿಡಿದು ನೋಡುವ ಸೀತವ್ವ

ಕನ್ನೊಳ್ಳಿಯ ಓಣಿಯಲ್ಲಿ ಇನ್ನೂ ಬೆಳಕು ಸರಿಯಾಗಿ ಇಳಿದಿಲ್ಲ. ಮುಬಿನಳ ಮನೆಯ ಹಿತ್ತಲಿನ ಬಚ್ಚಲಲ್ಲಿ ಮಾತ್ರ ಒಲೆ ಉರಿಯುತ್ತಿದೆ. ಹಂಡೆಯ ನೀರು ಕಾದು, ಆವಿ ತಗಡಿನ ಮಾಡಿಗೆ ತಗಲಿ ಹನಿಹನಿಯಾಗಿ ಇಳಿಯುತ್ತಿದೆ. ಸೀತವ್ವ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿಕೊಂಡು ಮಣೆಯ ಮೇಲೆ ಕುಳಿತು ಎರಡೂ ಕಾಲು ಚಾಚಿ ಜೋಡಿಸುತ್ತಾಳೆ. ವರ್ಷಗಟ್ಟಲೆ ಬಿಸಿನೀರು ಹರಿದು ಅವಳ ಮುಂಗಾಲಿನ ಚರ್ಮ ಹೊಳೆಯ ಕಲ್ಲಿನಂತೆ ನುಣುಪಾಗಿ ಕಪ್ಪಿಟ್ಟಿದೆ. ಅಲ್ಲೀಗ ಒಂದು ಕೂದಲೂ ಹುಟ್ಟುವುದಿಲ್ಲ.

ಮುಬಿನ ತನ್ನ ಗಂಡುಕೂಸನ್ನು ತಂದು ಆ ಕಾಲುಗಳ ಮೇಲೆ ಮಲಗಿಸುತ್ತಾಳೆ. ಎಣ್ಣೆಯ ಬಟ್ಟಲು ಪಕ್ಕದಲ್ಲಿದೆ, ತಂಬಿಗೆ ತುಂಬಿದೆ. ಸೀತವ್ವ ಎರಡನ್ನೂ ಮುಟ್ಟುವುದಿಲ್ಲ. ಒಂದು ಕೈಯಲ್ಲಿ ಕೂಸಿನ ಬಲಗೈಯನ್ನೂ ಇನ್ನೊಂದು ಕೈಯಲ್ಲಿ ಪಾದವನ್ನೂ ಹಿಡಿದು ಕಣ್ಣು ಮುಚ್ಚುತ್ತಾಳೆ. ಆಮೇಲೆ ಎರಡು ಬೆರಳನ್ನು ತೊಡೆಯ ಸಂದಿನಲ್ಲಿ ಮೆಲ್ಲಗೆ ಒತ್ತಿ ಹಾಗೆಯೇ ಕೂರುತ್ತಾಳೆ. ಕೂಸು ಕಾಲು ಝಾಡಿಸುತ್ತದೆ.

"ಏನ್ ಸೀತವ್ವಾಯಿ, ದಿನಾ ನೀರ್ಗಿಂತ ಮೊದಲ ನನ್ನ ಮಗನ ನಾಡಿ ಹಿಡೀತಿ. ಹಕೀಮನ ಅಂಗಡಿ ಇಡಾಕಿ ಏನ?" ಎನ್ನುತ್ತಾಳೆ ಮುಬಿನ.

"ಸುಮ್ಮ ಇರವಾ. ನಿನ್ನ ಮಗ ಒದಿಯೂದ ನಿಂದರಸವಲ್ಲ, ನೀ ಮಾತ ನಿಂದರಸವಲ್ಲಿ. ನಡುವ ನನ್ನ ಬೆರಳಿಗೆ ಏನ್ ತಿಳೀಬೇಕು?"

ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, "ಕೈಯಷ್ಟಽ ಕಾಲೂ ಬೆಚ್ಚಗ ಐತಿ. ಎಣ್ಣಿ ತಾ," ಎನ್ನುತ್ತಾಳೆ. ಅಲ್ಲಿಂದ ಮುಂದೆ ಅವಳ ಕೈ ಯಾರನ್ನೂ ಕೇಳುವುದಿಲ್ಲ. ಎಣ್ಣೆ ಬೆನ್ನಿನಿಂದ ಇಳಿದು, ತೋಳಿಗೆ ಹೋಗಿ, ಹಿಮ್ಮಡಿಗೆ ಬಂದು ನಿಲ್ಲುತ್ತದೆ. ಕೂಸು ಮೊದಲು ಅಳುತ್ತದೆ, ನೀರು ಬೀಳುತ್ತಿದ್ದಂತೆ ಅಳು ಮರೆಯುತ್ತದೆ.

ಈ ಹೊತ್ತು ಒಂದು ಸಂಗತಿ ಮಾತ್ರ ದಿನದಂತಿಲ್ಲ. ಕೆಲಸಕ್ಕೆ ಬರುವಾಗ ಮೊಬೈಲನ್ನು ಮನೆಯಲ್ಲೇ ಬಿಟ್ಟು ಬರುವ ಸೀತವ್ವ ಇಂದು ಅದನ್ನು ಚೀಲದಲ್ಲಿಟ್ಟು ಬಚ್ಚಲಿನ ಮೊಳೆಗೆ ತೂಗುಹಾಕಿದ್ದಾಳೆ. ನೀರು ಹಾಕುತ್ತಲೇ ಕಣ್ಣು ಅತ್ತ ಹೋಗುತ್ತದೆ. ಮುಬಿನ ಅದನ್ನು ಕಂಡು ದನಿ ತಗ್ಗಿಸಿ ಕೇಳುತ್ತಾಳೆ: "ಇವತ್ತಽ ಏನು, ವೃಂದಾಬಾಯಿ ಕೂಸಿನ ಆಪರೇಷನ್?"

"ಇವತ್ತಽ. ಬೆಳಕ ಹರಿಯೂದ್ರಾಗ ಒಳಗ ಒಯ್ತೀವಂತ ಹೇಳಿದ್ರು. ಒಯ್ದಿರಬೇಕು."

ಇದೇ ಊರಿನ ಇಂದೂಬಾಯಿಯ ಮಗಳು ವೃಂದಾ. ಅವಳ ಹೆಣ್ಣುಕೂಸಿಗೆ ತಿಂಗಳು ಇನ್ನೂ ತುಂಬಿಲ್ಲ, ಹೆಸರೂ ಇಟ್ಟಿಲ್ಲ. ದೂರದ ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಆ ಕೂಸಿನ ಎದೆ ತೆರೆದು, ಹುಟ್ಟಿನಿಂದಲೇ ಬಿಗಿದುಕೊಂಡಿರುವ ಒಂದು ರಕ್ತನಾಳವನ್ನು ಕತ್ತರಿಸಿ ಹೊಲಿಯಬೇಕಾಗಿದೆ. ಅದು ಉಳಿದರೆ ಸೀತವ್ವನ ಕಾಲುಗಳ ಮೇಲೆ ಮತ್ತೆ ಮಲಗುತ್ತದೆ. ಉಳಿಯದಿದ್ದರೆ, ಅಂಥ ಉಬ್ಬಿದ ಪಾದದ ಕೂಸನ್ನು ಅವಳು ಎರಡನೆಯ ಸಲ ಕಳೆದುಕೊಂಡಂತೆ.

ಸೀತವ್ವನಿಗೆ ಅರವತ್ತು ದಾಟಿದೆ. ಬಾಣಂತಿಗೆ, ಕೂಸಿಗೆ ನೀರು ಎರೆಯುವ ಕೆಲಸ ಅತ್ತೆಯಿಂದ ಬಂದದ್ದು. ಅತ್ತೆ ಮುದುಕಿಯಾಗಿ ಮೂಲೆ ಹಿಡಿದ ದಿನ ತನ್ನ ಮಣೆಯನ್ನು ಸೊಸೆಯ ಕಡೆಗೆ ತಳ್ಳಿ, "ಇನ್ನ ನಿನ್ನ ಕಾಲು," ಎಂದಷ್ಟೇ ಅಂದಳಂತೆ. ಅಂದಿನಿಂದ ಊರಿನ ಎಷ್ಟೋ ಮಕ್ಕಳ ಮೊದಲ ನೀರು ಈ ಕಾಲುಗಳ ಮೇಲೆ ಹರಿದಿದೆ. ಇಂದು ಟ್ರ್ಯಾಕ್ಟರ್ ಓಡಿಸುವವರು, ಸಿಂದಗಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗುವ ಹುಡುಗಿಯರು ದಾರಿಯಲ್ಲಿ ಸಿಕ್ಕರೆ ಸೀತವ್ವ ಮುಖಕ್ಕಿಂತ ಮೊದಲು ಕಾಲು ನೋಡುತ್ತಾಳೆ. "ನಿನ್ನ ಕಾಲು ಸೊಟ್ಟ ಇದ್ದುವು, ತಿಕ್ಕಿ ತಿಕ್ಕಿ ನೆಟ್ಟಗ ಮಾಡೇನಿ. ಈಗ ನನ್ನ ಕಂಡು ಅಡ್ಡ ಓಣಿ ಹಿಡೀತಿ," ಎಂದು ಮೀಸೆ ಬಂದವರನ್ನೂ ಕೆಣಕುತ್ತಾಳೆ.

ಬೆಳಗಾಗುವ ಮೊದಲೇ ಎದ್ದರೆ ಮಧ್ಯಾಹ್ನದೊಳಗೆ ನಾಲ್ಕೈದು ಮನೆ ಆಗುತ್ತದೆ. ಕೆಲವರು ಜೋಳ ಕೊಡುತ್ತಾರೆ, ಕೆಲವರು ದುಡ್ಡು, ತೊಟ್ಟಿಲಿಗೆ ಹಾಕುವ ದಿನ ಒಂದು ಸೀರೆ. ಗಂಡ ಮಲ್ಲಣ್ಣ ಗೌಂಡಿ ಕೆಲಸದವನು. ಇಬ್ಬರ ದುಡಿಮೆಯಲ್ಲಿ ಮನೆ ನಡೆದಿದೆ, ಒಬ್ಬಳೇ ಮಗಳು ಸುಮಂಗಲಾಳ ಮದುವೆ ಆಗಿದೆ. ಮಣೆಯಿಂದ ಏಳುವಾಗ ಸೀತವ್ವನ ಮೊಣಕಾಲು ಮಡಚುವುದಿಲ್ಲ. ಗೋಡೆ ಹಿಡಿದು ಎದ್ದು, ಸ್ವಲ್ಪ ಹೊತ್ತು ನಿಂತು, ಆಮೇಲೆ ನಡೆಯುತ್ತಾಳೆ.

ಅವಳ ಮನೆಯ ಬಾಗಿಲ ಪಕ್ಕದ ಗೋಡೆಯ ಮೇಲೆ ಕೂಸಿನ ಎರಡು ಪಾದದ ಗುರುತು ಇದೆ. ಕುಂಕುಮದ ಕೆಂಪು ಈಗ ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಪ್ರತಿ ವರ್ಷ ಪಂಚಮಿಗೆ ಮಲ್ಲಣ್ಣ ಮನೆಗೆ ಸುಣ್ಣ ಬಳಿಯುವಾಗ ಅದರ ಸುತ್ತ ಬಳಿಯುತ್ತಾನೆ. ಸುಣ್ಣ ಏರಿ ಏರಿ ಸುತ್ತಲಿನ ಗೋಡೆ ದಪ್ಪವಾಗಿ, ಪಾದಗಳು ಸಣ್ಣದೊಂದು ಗೂಡಿನೊಳಗೆ ಇಟ್ಟಂತೆ ಕಾಣುತ್ತವೆ. ಅವು ಸುಮಂಗಲಾಳ ಮೊದಲ ಕೂಸಿನವು.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಸುಮಂಗಲಾ ಚೊಚ್ಚಲ ಹೆರಿಗೆಗೆ ಗಂಡನ ಊರು ಹೊರ್ತಿಯಿಂದ ತವರಿಗೆ ಬಂದಿದ್ದಳು. ಹೆಣ್ಣುಕೂಸು ಹುಟ್ಟಿತು. ಕತ್ತಿನ ಹಿಂದೆ ಚರ್ಮ ಮಡಿಕೆ ಮಡಿಕೆಯಾಗಿತ್ತು. ಕೈಕಾಲು ಚಿಕ್ಕವಿದ್ದರೂ ಪಾದಗಳು ಮಾತ್ರ ಉಬ್ಬಿಕೊಂಡು ಅಪ್ಪದ ಹಾಗೆ ದುಂಡಗಿದ್ದವು. ನೋಡಬಂದ ಹೆಂಗಸರೆಲ್ಲ ಅದನ್ನೇ ಕೊಂಡಾಡಿದರು. ದುಂಡು ಪಾದದ ಹೆಣ್ಣು ಹುಟ್ಟಿದರೆ ಲಕ್ಷ್ಮಿ ಮನೆಗೆ ನಡೆದು ಬಂದಂತೆ ಎಂದು ಈ ಕಡೆ ನಂಬುತ್ತಾರೆ. ಐದನೆಯ ದಿನ, ಸಟವಿ ತಾಯಿ ಹಣೆಬರಹ ಬರೆಯುತ್ತಾಳೆನ್ನುವ ದಿನ, ಸೀತವ್ವ ತಾನೇ ತಾಟಿನಲ್ಲಿ ಕುಂಕುಮದ ನೀರು ಕಲಸಿ, ಮೊಮ್ಮಗಳ ಪಾದ ಅದ್ದಿ ಬಾಗಿಲ ಪಕ್ಕ ಒತ್ತಿದಳು. ಒತ್ತುವಾಗ ಪಾದ ತಣ್ಣಗಿತ್ತು. ಕುಂಕುಮದ ನೀರಿನ ತಂಪು ಎಂದುಕೊಂಡಳು.

ಮರುದಿನವೂ ತಣ್ಣಗಿತ್ತು. ಶೀತ ಗಾಳಿ ಹೊಕ್ಕಿದೆ ಎಂದು ಬಾಗಿಲು ಹಾಕಿಸಿ, ಶೆಗಡಿಗೆ ಕೆಂಡ ಹಾಕಿ ಓಮದ ಹೊಗೆ ಕೊಟ್ಟಳು. ನೀರು ಇನ್ನಷ್ಟು ಬಿಸಿ ಮಾಡಿ ಕಾಲಿಗೆ ಹೆಚ್ಚು ಹಾಕಿದಳು. ಕೂಸು ಮೊಲೆ ಹಿಡಿದು ಎರಡು ಗುಟುಕಿಗೆ ಬೆವರಿ ಬಿಟ್ಟುಬಿಡುತ್ತಿತ್ತು. ಉಸಿರು ಓಡಿ ಬಂದವರ ಉಸಿರಿನಂತಿತ್ತು. ಸಿಂದಗಿಯ ಆಸ್ಪತ್ರೆಗೆ ಹೊರಟರು. ಕೂಸು ದಾರಿಯಲ್ಲೇ ತಾಯಿಯ ಸೆರಗಿನೊಳಗೆ ತಣ್ಣಗಾಯಿತು. ಅದಕ್ಕೆ ಏನಾಗಿತ್ತೆಂದು ಯಾರೂ ಹೇಳಲಿಲ್ಲ, ಹೇಳುವ ಹೊತ್ತೂ ಇರಲಿಲ್ಲ. ಮಲ್ಲಣ್ಣ ಅಂಗೈಯಗಲದ ಗುಂಡಿ ತೋಡಿ ಹೂತು ಬಂದ. ಕೂಸನ್ನು ಮಣ್ಣಿಗಿಟ್ಟು ಬಂದ ಮನೆಯಲ್ಲಿ ತೊಟ್ಟಿಲು ಬಿಚ್ಚುವ ಕೆಲಸ ಯಾರದೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಅದು ಬಹಳ ದಿನ ಹಾಗೆಯೇ ತೂಗಾಡುತ್ತಿತ್ತು.

ಸುಮಂಗಲಾ ತಾಯಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎನ್ನುತ್ತಾಳೆ ಸೀತವ್ವ. "ಬೈದಿದ್ರ ಅತ್ತು ಹಗರಾಗತಿದ್ದೆ. ಸುಮ್ಮನ ಗಂಡನ ಮನಿಗೆ ಹೋದ್ಲು. ಎರಡನೇ ಹೆರಿಗಿಗೆ ತವರಿಗೆ ಬರಲೇ ಇಲ್ಲ. ಗಂಡಕೂಸು ಹುಟ್ಟಿತು. ನಾ ನೋಡಾಕ ಹೋದ್ರ, ಎರಿಯಾಕ ಬ್ಯಾರೆ ಯಾರನ್ನೋ ಕರಸಿದ್ಲು. ಅಷ್ಟರ ಮ್ಯಾಲ ನಾ ತಿಳ್ಕೊಂಡೆ."

ಸೀತವ್ವ ಮಣೆಯನ್ನು ಅಟ್ಟಕ್ಕೆ ಹಾಕಿದಳು. ಯಾರು ಕರೆದರೂ ಹೋಗಲಿಲ್ಲ. ಹೀಗೆ ಎರಡು ಸುಗ್ಗಿ ಕಳೆದ ಮೇಲೆ ಒಂದು ದಿನ ನರ್ಸ್ ಸುಮಿತ್ರಾಬಾಯಿ ಅವಳ ಕಟ್ಟೆಗೆ ಬಂದು ಕುಳಿತಳು. ಊರೂರು ತಿರುಗಿ ಬಾಣಂತಿಯರನ್ನು ನೋಡುವ ಕೆಲಸ ಸುಮಿತ್ರಾಬಾಯಿಯದು. ಗೋಡೆಯ ಗುರುತು ನೋಡಿ ಕೇಳಿದಳು, ಸೀತವ್ವ ಹೇಳಿದಳು: ಉಬ್ಬಿದ ಪಾದ, ಕತ್ತಿನ ಮಡಿಕೆ, ತಣ್ಣಗಾದ ಕಾಲು. ಸುಮಿತ್ರಾಬಾಯಿ ಮತ್ತೆ ಗೋಡೆಯತ್ತ ನೋಡಿ, ಇಂಥದ್ದೊಂದು ರೋಗ ಹೆಣ್ಣುಕೂಸುಗಳಿಗೆ ಬರುವುದುಂಟು, ಕೆಲವು ಕೂಸುಗಳಿಗೆ ಅದರ ಜೊತೆ ಹೃದಯದ ರಕ್ತನಾಳ ಸಣ್ಣದಾಗಿರುತ್ತದೆ, ಮೈಯ ಕೆಳಭಾಗಕ್ಕೆ ರಕ್ತ ಇಳಿಯುವುದಿಲ್ಲ ಎಂದಳು.

"ಅದಽ ಇತ್ತೇನ್ರಿ ನಮ್ಮ ಕೂಸಿಗೆ?"

"ಇರಬಹುದು. ಈಗ ಯಾರು ಹೇಳಬೇಕು?"

ಆ "ಇರಬಹುದು" ಸೀತವ್ವನ ಎದೆಯಲ್ಲಿ ಕೂತಿದೆ. ಹೌದು ಎಂದೂ ಆಗಲಿಲ್ಲ, ಅಲ್ಲ ಎಂದೂ ಆಗಲಿಲ್ಲ. ದೇವರು ಕೆಲವು ಪ್ರಶ್ನೆಗಳನ್ನು ಹಾಗೆಯೇ ಬಿಟ್ಟುಬಿಡುತ್ತಾನೆ.

ಸುಮಿತ್ರಾಬಾಯಿಯೇ ಅವಳ ಎರಡು ಬೆರಳು ಹಿಡಿದು ಕೂಸಿನ ತೊಡೆಯ ಸಂದಿನಲ್ಲಿ ನಾಡಿ ಹುಡುಕುವುದನ್ನು ಕಲಿಸಿದಳು. ಮುಖಕ್ಕೆ ಹೊಗೆ ಬೇಡ, ಮೂಗಿಗೆ ಎಣ್ಣೆ ಬೇಡ ಎಂದು ಬಿಡಿಸಿದಳು. ತಣ್ಣಗೆ ಕಂಡರೆ ನೀನು ಔಷಧ ಮಾಡಬೇಡ, ನನಗೆ ಫೋನ್ ಮಾಡು ಎಂದಳು. ಸೀತವ್ವ ಮಣೆ ಇಳಿಸಿದಳು. ಮೊದಮೊದಲು ತಪ್ಪಿದ್ದೇ ಹೆಚ್ಚು. ಕಿಟಕಿಯ ಗಾಳಿಗೆ ತಣ್ಣಗಾದ ಕೂಸನ್ನು ಕಂಡು ಗಾಬರಿಯಾಗಿ ಇಡೀ ಮನೆಯನ್ನೇ ಸಿಂದಗಿಗೆ ಓಡಿಸಿದ್ದುಂಟು. ಅಲ್ಲಿ ಡಾಕ್ಟರು ನಕ್ಕು ಕಳಿಸಿದರು. ಕೂಸಿನ ಅಜ್ಜಿ ನಗಲಿಲ್ಲ. ವಾರಗಟ್ಟಲೆ ಓಣಿಯಲ್ಲಿ ಬೈದಳು. "ಬೈಲಿ. ಕೂಸು ಆಕಿ ಬೈಗಳ ಕೇಳಾಕ ಬದುಕೇತಲ್ಲ," ಎಂದಳು ಸೀತವ್ವ.

ಈಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಎರೆಯುವ ಹೆಂಗಸರು ಕೆಲವರನ್ನು ಸುಮಿತ್ರಾಬಾಯಿ ಆಗಾಗ ಒಂದು ಕಡೆ ಕೂಡಿಸುತ್ತಾಳೆ. ಹೂವಿನ ಹಿಪ್ಪರಗಿಯ ಸುಗ್ರಾ ಅವರಲ್ಲೊಬ್ಬಳು. ಕಳೆದ ವರ್ಷ ಸುಗ್ರಾ ಇಂಥದೇ ಒಂದು ಕೂಸನ್ನು ಗುರುತಿಸಿ ಕಳಿಸಿದ್ದಳು. ಅದು ಆಪರೇಷನ್ ಮೇಜಿನಿಂದ ತಿರುಗಿ ಬರಲಿಲ್ಲ. ಮುಂದಿನ ಸಲ ಕೂಡಿದಾಗ ಸುಗ್ರಾ ಬೆರಳು ಮಡಚಿಕೊಂಡೇ ಕುಳಿತಿದ್ದಳು. ಸೀತವ್ವ ಅವಳ ಪಕ್ಕ ಹೋಗಿ ಕೂತಳು.

ವೃಂದಾಳ ಹೆರಿಗೆ ಆಸ್ಪತ್ರೆಯಲ್ಲೇ ಆಯಿತು. ಕೂಸಿನ ಉಬ್ಬಿದ ಪಾದವನ್ನೂ ಕತ್ತನ್ನೂ ಕಂಡ ಅಲ್ಲಿನ ಡಾಕ್ಟರು ಅನುಮಾನದಿಂದ ರಕ್ತ ಪರೀಕ್ಷೆಗೆ ಕಳಿಸಿದ್ದರು. ವರದಿ ಬರುವುದಕ್ಕೆ ದಿನ ಹಿಡಿಯುತ್ತದೆ, ಹೃದಯವನ್ನೂ ಒಮ್ಮೆ ದೊಡ್ಡ ಕಡೆ ತೋರಿಸಿ ಎಂದು ಹೇಳಿ ಮನೆಗೆ ಕಳಿಸಿದ್ದರು. ಮುಂದಿನ ವಾರ ಹೋದರಾಯಿತೆಂದು ಇಂದೂಬಾಯಿ ಅಂದಳು. ಮೊದಲ ಎರಡು ಬೆಳಗು ಸೀತವ್ವ ಎರೆದಾಗ ಪಾದ ಉಬ್ಬಿತ್ತು, ಆದರೆ ಬೆಚ್ಚಗಿತ್ತು. ಪಾದ ಕಂಡಾಗಲೇ ಅವಳಿಗೆ ಸುಮಂಗಲಾಳ ಕೂಸು ನೆನಪಾಗಿತ್ತು. ಬೆಚ್ಚಗಿದೆಯೆಂದು ಸಮಾಧಾನ ಮಾಡಿಕೊಂಡಳು.

ಮೂರನೆಯ ಬೆಳಗು ಶುಕ್ರವಾರ. ಇಂದೂಬಾಯಿ ಮಡಿಯುಟ್ಟು, ಬೆಳ್ಳಿಯ ತಾಟಿನಲ್ಲಿ ಕುಂಕುಮ ಕಲಸಿಕೊಂಡು ಬಚ್ಚಲಿನ ಬಾಗಿಲಿಗೆ ಬಂದು ನಿಂತಳು. "ಸೀತವ್ವಾ, ಎರದ ಮ್ಯಾಲ ಹಂಗಽ ಕೊಡು. ದೇವರ ಮನಿ ಗ್ವಾಡಿಗೆ ಪಾದ ಒತ್ತಿಸಬೇಕು. ಇಂಥಾ ಪಾದ ನಮ್ಮ ಮನಿತನದಾಗ ಯಾರಿಗೂ ಇರಲಿಲ್ಲ."

ಸೀತವ್ವನ ಕೈಯಲ್ಲಿ ಆಗ ಕೂಸಿನ ಪಾದ ಇತ್ತು. ಕೈ ಬೆಚ್ಚಗೆ, ಪಾದ ತಣ್ಣಗೆ. ತೊಡೆಯ ಸಂದಿನಲ್ಲಿ ಬೆರಳಿಟ್ಟಳು. ಮತ್ತೆ ಮತ್ತೆ ಜಾಗ ಬದಲಿಸಿ ಇಟ್ಟಳು. ಏನೂ ಸಿಗಲಿಲ್ಲ. ತಲೆ ಎತ್ತಿ ತಾಟು ನೋಡಿದಳು.

"ಆ ತಾಟು ಒಳಗ ಇಡ್ರಿ ಅವ್ವಾರ."

"ಯಾಕ?"

"ಒಳಗ ಇಡ್ರಿ. ಇವತ್ತ ನೀರೂ ಇಲ್ಲ, ಪಾದಾನೂ ಇಲ್ಲ. ಸುಮಿತ್ರಾಬಾಯಿಗೆ ಫೋನ್ ಹಚ್ಚರಿ."

ಇಂದೂಬಾಯಿಗೆ ಸಿಟ್ಟು ಬಂತು. ಎರೆಯಲು ಬಂದವಳು ಶುಕ್ರವಾರದ ಕುಂಕುಮವನ್ನು ಬೇಡ ಎನ್ನುವುದೆಂದರೇನು? "ಅಗಬಾಯಿ, ನಮ್ಮ ಮನಿ ಶಾಸ್ತ್ರ ನೀ ಹೇಳಾಕಿ ಆದಿ ಏನ?" ಎಂದಳು. ಸೀತವ್ವ ಒಣ ಬಟ್ಟೆಯಲ್ಲಿ ಕೂಸನ್ನು ಸುತ್ತಿ, ಇಂದೂಬಾಯಿಯನ್ನು ದಾಟಿ ನಡುಮನೆಗೇ ಹೋಗಿ ವೃಂದಾಳ ಮಡಿಲಲ್ಲಿಟ್ಟಳು. ಅಷ್ಟು ವರ್ಷದಲ್ಲಿ ಆ ಮನೆಯ ಹಿತ್ತಲು ದಾಟಿ ಅವಳು ಒಳಗೆ ಕಾಲಿಟ್ಟದ್ದು ಅದೇ ಮೊದಲು.

ಆ ದಿನವೇ ಆಂಬುಲೆನ್ಸ್ ಬಂತು. ಕೂಸು ಜಿಲ್ಲೆಯ ಆಸ್ಪತ್ರೆ ಮುಟ್ಟಿ, ಅಲ್ಲಿ ಸೂಜಿಯ ಮೂಲಕ ಹನಿಹನಿಯಾಗಿ ಒಂದು ಔಷಧ ಹಚ್ಚಿಸಿಕೊಂಡು, ದೂರದ ದೊಡ್ಡ ಆಸ್ಪತ್ರೆಗೆ ಹೋಯಿತು. ಹಸಿ ಬಾಣಂತಿಯ ಜೊತೆಗೆ ಒಬ್ಬರು ಬೇಕೆಂದು ಸೀತವ್ವನೂ ಹೋದಳು. ದಾರಿಯುದ್ದಕ್ಕೂ ಕೂಸಿನ ಪಾದ ಅವಳ ಮುಷ್ಟಿಯಲ್ಲಿತ್ತು. ಔಷಧ ಹರಿದ ಮೇಲೆ ಅದು ಮೆಲ್ಲಗೆ ಬೆಚ್ಚಗಾಗುತ್ತ ಬಂದದ್ದನ್ನು ಅವಳ ಕೈಯೇ ಕಂಡಿತು.

ಅಲ್ಲಿನ ಹೃದಯದ ಡಾಕ್ಟರು ಗುರುನಾಥ ಮನೆಯವರನ್ನೆಲ್ಲ ಕೂರಿಸಿ ತಿಳಿಹೇಳಿದರು. "ಹೃದಯದಿಂದ ಹೊರಡೂ ದೊಡ್ಡ ರಕ್ತನಾಳ ಕೈಗೋಲಿನ ಹಿಡಿಕಿಹಂಗ ಬಾಗತದ. ಬಾಗೂದ್ರಾಗ ತಲಿಗೆ, ಕೈಗೆ ಕೊಂಬಿ ಕೊಟ್ಟು ಆಮ್ಯಾಲ ಕೆಳಗ ಇಳೀತದ. ಇಳಿಯೂ ಬಾಯಾಗಽ ಈ ಕೂಸಿಗೆ ದಾರದಿಂದ ಬಿಗದಂಗ ಆಗೇದ." ಗರ್ಭದಲ್ಲಿರುವಾಗ ಅಲ್ಲೊಂದು ಅಡ್ಡದಾರಿ ಇರುತ್ತದೆ, ಅದರಿಂದ ರಕ್ತ ಕೆಳಗೆ ಹೋಗುತ್ತಿರುತ್ತದೆ. ಹುಟ್ಟಿದ ಕೆಲವು ದಿನಕ್ಕೆ ಆ ದಾರಿ ತಾನಾಗಿ ಮುಚ್ಚುತ್ತದೆ. ಅದಕ್ಕೇ ಮೊದಲ ಎರಡು ಬೆಳಗು ಪಾದ ಬೆಚ್ಚಗಿತ್ತು. ಈಗ ಔಷಧದಿಂದ ಆ ದಾರಿಯನ್ನು ತೆರೆದಿಟ್ಟಿದ್ದಾರೆ. ಬಹಳ ದಿನ ಹಾಗಿಡಲಾಗದು. ಎಡ ಹೆಗಲಿನ ಕೆಳಗೆ ಪಕ್ಕೆಲುಬುಗಳ ನಡುವೆ ತೆರೆದು, ಬಿಗಿದ ತುಂಡನ್ನು ಕತ್ತರಿಸಿ ತೆಗೆದು, ಎರಡು ತುದಿಗಳನ್ನು ಕೂದಲಿಗಿಂತ ಸಣ್ಣ ದಾರದಿಂದ ಹೊಲಿಯಬೇಕು. ಸರ್ಕಾರದ ಯೋಜನೆಯಿಂದ ಖರ್ಚು ನಡೆಯುತ್ತದೆ.

ಅಷ್ಟರಲ್ಲಿ ರಕ್ತದ ವರದಿಯೂ ಬಂದಿತ್ತು. ಹೆಣ್ಣುಮಕ್ಕಳ ಮೈಯ ಪ್ರತಿ ಜೀವಕೋಶದಲ್ಲೂ ಎಕ್ಸ್ ಎಂಬ ವರ್ಣತಂತು ಎರಡಿರಬೇಕು. ಈ ಕೂಸಿಗೆ ಒಂದೇ ಇದೆ. ಟರ್ನರ್ ಎಂದು ಅದಕ್ಕೆ ಹೆಸರು. "ಯಾರ ತಪ್ಪೂ ಅಲ್ಲ. ತಾಯಿ ತಿಂದದ್ದರಿಂದ ಬಂದಿಲ್ಲ, ಗ್ರಹಣದಿಂದ ಬಂದಿಲ್ಲ," ಎಂದರು ಡಾಕ್ಟರು. ಹುಡುಗಿ ಓದುತ್ತಾಳೆ, ಆಡುತ್ತಾಳೆ. ಎತ್ತರ ಕಡಿಮೆ ಇರುತ್ತದೆ. ಮುಂದೆ ಮಕ್ಕಳಾಗುವುದು ಬಹುಮಟ್ಟಿಗೆ ಇಲ್ಲ. ಹೃದಯವನ್ನು ಜೀವಮಾನವೆಲ್ಲ ತೋರಿಸುತ್ತಿರಬೇಕು. ಇಂಥ ಕೂಸುಗಳ ರಕ್ತನಾಳದ ಗೋಡೆ ಮೆತ್ತಗಿರುತ್ತದೆ, ಹೊಲಿಗೆ ಹರಿಯುವ ಭಯವೂ ಇದೆ. ಇದನ್ನೆಲ್ಲ ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ವೃಂದಾಳ ಗಂಡ ಶ್ರೀವಲ್ಲಭ ಮುದ್ದೇಬಿಹಾಳದಲ್ಲಿ ಶಾಲೆಯ ಮಾಸ್ತರ. "ಮಾಡದಿದ್ರ?" ಎಂದು ಕೇಳಿದ.

"ಮಾಡದಿದ್ರ ಉಳಿಯೂದಿಲ್ಲ. ಮಾಡಿದ್ರ ಉಳೀತದಂತ ನಾ ಆಣಿ ಮಾಡಂಗಿಲ್ಲ."

ಹೊರಗಿನ ಬೆಂಚಿನ ಮೇಲೆ ಇಂದೂಬಾಯಿ ಬಹಳ ಹೊತ್ತು ಜಪಮಣಿ ಹಿಡಿದು ಕುಳಿತಿದ್ದಳು. ಮಣಿ ಸರಿಯುತ್ತಿರಲಿಲ್ಲ. ಕೊನೆಗೆ ಅಳಿಯನಿಗೆ ಹೇಳಿದಳು: "ನಾ ಹಿರೇ ಮನಷ್ಯಾಳು, ನನ್ನ ಮ್ಯಾಲ ಸಿಟ್ಟ ಆಗಬ್ಯಾಡ್ರಿ. ಗಿಡ್ಡ ಹುಡುಗಿ, ಮಡಿಲ ತುಂಬದ ಹುಡುಗಿ. ನಾಳೆ ಮಂದಿ ಬಾಯಾಗ ಬೀಳಾಕಿ. ಅದಕ್ಕಾಗಿ ಇಷ್ಟ ಸಣ್ಣ ಎದಿ ಕೊಯ್ಯಬೇಕೇನ್ರಿ? ದೇವರು ಕರಕೊಂಡ್ರ ಶಾಂತಲೇ ಹೋಗಲಿ."

ಶ್ರೀವಲ್ಲಭ ತಲೆ ತಗ್ಗಿಸಿದ. ವೃಂದಾ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಕೆಳಗೆ ನೆಲದ ಮೇಲೆ ಕೂತಿದ್ದ ಸೀತವ್ವನನ್ನು ಯಾರೂ ಕೇಳಿರಲಿಲ್ಲ. ಆದರೂ ಅವಳು ಮಾತಾಡಿದಳು.

"ಶಾಂತಲೇ ಹೋಗೂದಿಲ್ರಿ ಅವ್ವಾರ. ನಾ ಕಂಡೇನಿ. ಮೊಲಿ ಹಿಡಿಯಾಕ ಬಡದಾಡತೈತಿ, ಆಗೂದಿಲ್ಲ. ಬೆವರತೈತಿ. ನಮ್ಮ ಸುಮಂಗಲಾನ ಕೂಸಿಗೆ ಹೆಸರ ಇಡೂದಽ ಉಳೀತು. ಗಿಡ್ಡ ಆಗತಿತ್ತೋ, ಉದ್ದ ಆಗತಿತ್ತೋ, ನನಗ ನೋಡಬೇಕಾಗಿತ್ತು. ಅಷ್ಟಽ."

ಇಂದೂಬಾಯಿಯ ಕೈಯಲ್ಲಿ ಮಣಿ ಒಂದು ಸರಿಯಿತು, ಇನ್ನೊಂದು ಸರಿಯಿತು. ಆಮೇಲೆ ಅವಳು ಎದ್ದು, ಚೀಲದಿಂದ ಕೂಸಿಗೆಂದು ತಾನೇ ಹೊಲಿದ ಕೌದಿ ತೆಗೆದು ಅಳಿಯನ ತೊಡೆಯ ಮೇಲಿಟ್ಟಳು. "ಒಳಗ ಥಂಡಿ ಅದ. ಮುಗದ ಮ್ಯಾಲ ಹೊಚ್ಚಾಕ ಹೇಳ್ರಿ," ಎಂದಳು. ಶ್ರೀವಲ್ಲಭ ಡಾಕ್ಟರ ಕೋಣೆಗೆ ಎದ್ದು ಹೋದ.

ಸೀತವ್ವನೂ ಇಂದೂಬಾಯಿಯೂ ಒಂದೇ ಬಸ್ಸಿನಲ್ಲಿ ಊರಿಗೆ ತಿರುಗಿದರು. ಹೆಚ್ಚು ಜನ ಅಲ್ಲಿ ಇರುವ ಹಾಗಿರಲಿಲ್ಲ.

ಇಂದಿನ ಬೆಳಗಿಗೆ ಬಂದರೆ, ಸೀತವ್ವ ಮುಬಿನಳ ಮನೆ ಮುಗಿಸಿ ಮತ್ತೆ ಎರಡು ಮನೆ ಎರೆದಿದ್ದಾಳೆ. ಫೋನ್ ಬಂದಿಲ್ಲ. ಬಿಸಿಲು ಗೋಡೆಯಿಂದ ಅಂಗಳಕ್ಕೆ ಇಳಿದಿದೆ. ಕೊನೆಗೆ, ಎರೆಯಲು ಅಲ್ಲಿ ಕೂಸಿಲ್ಲದಿದ್ದರೂ, ಕಾಲು ಇಂದೂಬಾಯಿಯ ಹಿತ್ತಲಿಗೇ ಬರುತ್ತದೆ. ಬಾಗಿಲು ತೆರೆದಿದೆ. ಬಚ್ಚಲಿನ ಒಲೆ ಉರಿಯುತ್ತಿದೆ, ಹಂಡೆ ತುಂಬ ನೀರು ಕಾದಿದೆ. ಇಂದೂಬಾಯಿ ಒಳಮೆಟ್ಟಿಲ ಮೇಲೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಾಳೆ.

"ಕೂಸಿಲ್ಲದ ಬಚ್ಚಲದಾಗ ಯಾರಿಗೆ ನೀರ ಕಾಸೀರಿ ಅವ್ವಾರ?"

"ಬ್ಯಾರೆ ಏನ ಮಾಡಬೇಕಂತ ತಿಳೀಲಿಲ್ಲ. ಒಲಿ ಹಚ್ಚಿದೆ."

ಸೀತವ್ವ ಬಚ್ಚಲಿನ ಕಲ್ಲಿನ ಮೇಲೆ ಕೂರುತ್ತಾಳೆ. ನೀರು ಕುದಿಯಲು ಹತ್ತುತ್ತದೆ. ಇಂದೂಬಾಯಿ ಒಂದು ಕೊಳ್ಳಿ ಹಿಂದಕ್ಕೆ ಎಳೆಯುತ್ತಾಳೆ, ಸ್ವಲ್ಪ ಹೊತ್ತಿಗೆ ತಾನೇ ಮುಂದಕ್ಕೆ ತಳ್ಳುತ್ತಾಳೆ.

ಫೋನ್ ಸದ್ದು ಮಾಡಿದಾಗ ಇಂದೂಬಾಯಿ ಗುಂಡಿ ಒತ್ತುವುದಿಲ್ಲ. ಅವಳು ಅದನ್ನು ಹಾಗೆಯೇ ಸೀತವ್ವನ ಕಡೆ ಚಾಚುತ್ತಾಳೆ. ಸೀತವ್ವನೇ ಒತ್ತಿ ಮಾತಾಡಿಸುತ್ತಾಳೆ; ಆ ಕಡೆ ವೃಂದಾ. ದನಿ ಬಹಳ ಸಣ್ಣದು.

"ಹೊರಗ ತಂದ್ರು, ಸೀತವ್ವಾ. ಮೈಗೆಲ್ಲಾ ನಳಿಗಿ ಹಚ್ಯಾರ. ನನಗ ಕೈ ತೊಳಿಸಿ ಒಳಗ ಬಿಟ್ಟಿದ್ರು. ಮುಟ್ಟಿ ನೋಡಿದೆ."

"ಎಲ್ಲಿ ಮುಟ್ಟಿದ್ರಿ?"

"ನೀ ಹೇಳಿದ ಜಾಗಾದಾಗಽ. ಪಾದ. ಬೆಚ್ಚಗ ಅದ."

"ಎರಡೂ ಏನ್ರಿ?"

"ಎರಡೂ."

ಸೀತವ್ವ ಫೋನ್ ತಿರುಗಿ ಕೊಡುತ್ತಾಳೆ. ಇಂದೂಬಾಯಿ ಮಗಳ ಮಾತು ಕೇಳುತ್ತಾಳೆ: ಇನ್ನೂ ಕೆಲವು ದಿನ ಏನೂ ಹೇಳುವಂತಿಲ್ಲ, ರಕ್ತದೊತ್ತಡ ಏರದಂತೆ ನೋಡುತ್ತಿದ್ದಾರೆ, ಹೊಲಿಗೆ ಸದ್ಯ ಹಿಡಿದಿದೆ. ಎಲ್ಲಕ್ಕೂ ಹೂಂ, ಹೂಂ ಎನ್ನುತ್ತಾಳೆ. ಆಮೇಲೆ ಎದ್ದು ಹಂಡೆಯಿಂದ ತಂಬಿಗೆ ತುಂಬಿ, ತಣ್ಣೀರು ಬೆರೆಸಿ, ಹದ ನೋಡುತ್ತಾಳೆ.

"ಕಾಲ ಚಾಚು."

"ಬ್ಯಾಡ್ರಿ ಅವ್ವಾರ. ನೀವು ಹಿರೇರು."

"ಚಾಚು ಅಂದ್ನಲ್ಲ. ಇಷ್ಟ ನೀರು ಏನ ಮಾಡಲಿ?"

ಸವೆದ ಆ ಮುಂಗಾಲುಗಳ ಮೇಲೆ, ಕೂಸಿಗೆಂದು ಕಾಸಿದ ನೀರನ್ನು ಇಂದೂಬಾಯಿ ಹಂಡೆ ಮುಗಿಯುವವರೆಗೆ ಹಾಕುತ್ತಾಳೆ. ಸೀತವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂರುತ್ತಾಳೆ. ಅವಳ ಕಾಲಿಗೆ ಇನ್ನೊಬ್ಬರು ನೀರು ಹಾಕಿದ್ದು ಅವಳ ಬಾಣಂತನದಲ್ಲೇ ಕೊನೆ.

ಮನೆಗೆ ಬಂದಾಗ ಮಲ್ಲಣ್ಣ ಊಟಕ್ಕೆ ಕುಳಿತಿದ್ದಾನೆ. ಸುದ್ದಿ ಕೇಳಿ ಮುರಿದ ರೊಟ್ಟಿಯನ್ನು ತಾಟಿಗೆ ಇಡುತ್ತಾನೆ. "ಸುಮಂಗಲಾಗ ಫೋನ್ ಮಾಡಿ ಹೇಳಲೇನ?" ಎನ್ನುತ್ತಾನೆ.

"ಬ್ಯಾಡ. ನಾವು ಒಂದ ಹೇಳಿದ್ರ ಆಕಿಗೆ ಇನ್ನೊಂದ ಕೇಳಸತೈತಿ. ಆ ಕೂಸು ಉಳೀತು ಅಂದ್ರ, ನಂದು ಯಾಕ ಉಳೀಲಿಲ್ಲ ಅಂತ ಕೂಡತಾಳ. ಅದಕ್ಕ ನನ್ನ ಹತ್ರ ಏನ ಐತಿ?"

ಅವಳು ಬಾಗಿಲ ಪಕ್ಕದ ಗೋಡೆಯ ಮುಂದೆ ನಿಲ್ಲುತ್ತಾಳೆ. ಸುಣ್ಣದ ಗೂಡಿನೊಳಗೆ ಉಬ್ಬಿದ ಆ ಎರಡು ಪಾದ. ಎರಡು ಬೆರಳಿಟ್ಟು ಒಂದರ ಮೇಲೆ ಮೆಲ್ಲಗೆ ಒತ್ತುತ್ತಾಳೆ. ಮಧ್ಯಾಹ್ನದ ಬಿಸಿಲಿಗೆ ಗೋಡೆ ಕಾದಿದೆ.

ವೃಂದಾಳ ಕೂಸು ಮನೆಗೆ ಬಂದ ಮೇಲೆ ಏನಾಗಬೇಕು ಎಂದು ಮಲ್ಲಣ್ಣ ಕೇಳುತ್ತಾನೆ. ಅವಳು ಬೆರಳು ಗೋಡೆಯಿಂದ ತೆಗೆದು ಸೆರಗಿಗೆ ಒರೆಸಿಕೊಳ್ಳುತ್ತಾಳೆ.

"ಅದರ ಪಾದ ಯಾರೂ ಗ್ವಾಡಿಗೆ ಒತ್ತಬಾರದು. ಮನಿಯೊಳಗ ತಾನಽ ನೆಲಕ್ಕ ಊರಲಿ."